ಪರದೆಯ ನಿದ್ದೆ

ಪರದೆ ಕಪ್ಪಾಯಿತೆಂದರೆ ಕಂಪ್ಯೂಟರ್ ಆರಿತು ಎಂದೇ ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಬಿ.ಎ., ಬಿ.ಎಡ್. ಓದಿ ಸಮಾಜ ಪಾಠ ಮಾಡುವವಳ ಕೈಗೆ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಕೊಟ್ಟರೆ ಇನ್ನೇನಾದೀತು ಹೇಳಿ! ಆ ತಪ್ಪನ್ನು ತಿದ್ದಿದವಳು ನನ್ನ ಮಗಳೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳು ಗೌರಿ ಹಬ್ಬಕ್ಕೆ ಕೆರಗೋಡಿಗೆ ಬಂದಿದ್ದಳು. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು.

"ಏನಮ್ಮಿ ಅದು?" ಎಂದೆ.

"ಕರೆಂಟ್ ಉಳಿಸೋಕೆ ಪರದೆ ಯಾವಾಗ, ಹೇಗೆ ಮಲಗುತ್ತೆ ಅಂತ ವಿವರ ಬರೀಬೇಕಮ್ಮ. ಬೇರೆಯವರೆಲ್ಲ ಡ್ರೈವರ್‌ಗೆ ಕೋಡ್ ಬರೀತಾರೆ. ನಂಗೆ ಮಾತ್ರ ಈ ಗುಮಾಸ್ತರ ಕೆಲಸ."

ಡ್ರೈವರ್ ಎಂದರೆ ಬಸ್ಸಿನವನಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗಕ್ಕೆ ಅಪ್ಪಣೆ ಮುಟ್ಟಿಸುವ ತಂತ್ರಾಂಶವಂತೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಮ್ಮದು. ಆದರೂ ಪಂಪ್‌ಸೆಟ್ಟಿಗೆ ಮೂರು ಫೇಸ್ ಬರುವ ಹೊತ್ತು ಕಾಯುವವರು ನಾವು. ಕರೆಂಟ್ ಉಳಿಸುವ ಮಾತೆಂದರೆ ಕಿವಿ ತಾನಾಗಿ ನಿಮಿರುತ್ತದೆ. ಹೂ ಕಟ್ಟುತ್ತಾ ಪಕ್ಕದಲ್ಲಿ ಕೂತೆ.

ಹಳೆಯ ಡಬ್ಬದಂಥ ಮಾನಿಟರುಗಳಿಗೆ 1993ರಲ್ಲಿ ವೆಸಾ ಎಂಬ ಸಂಸ್ಥೆ ನಾಲ್ಕು ಸ್ಥಿತಿಗಳನ್ನು ಗೊತ್ತು ಮಾಡಿತಂತೆ: ಆನ್, ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್. ಕಂಪ್ಯೂಟರಿನಿಂದ ಬರುವ ಎರಡು ಸಂಕೇತಗಳಲ್ಲಿ ಯಾವುದು ನಿಂತಿತು ಎಂದು ನೋಡಿ ಮಾನಿಟರ್ ಅಷ್ಟಷ್ಟೇ ಮಲಗುತ್ತಿತ್ತು. ಆಗಲೂ ಒಳಗೆ ಕಂಪ್ಯೂಟರ್ ಎಚ್ಚರವಾಗಿಯೇ ಇರಬಹುದು. ನನ್ನ ಪಾಠ ಅಲ್ಲಿಗೇ ಸುಳ್ಳಾಯಿತು.

ಈಗಿನದು ಇನ್ನೂ ಸೂಕ್ಷ್ಮ. ನಾವು ಒಂದು ಪುಟ ಓದುತ್ತಾ ಕೂತಿರುತ್ತೇವೆ, ಅಕ್ಷರ ಅಲುಗುವುದಿಲ್ಲ. ಆದರೂ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಅದೇ ಚಿತ್ರವನ್ನು ಪರದೆಗೆ ಕಳಿಸುತ್ತಲೇ ಇರಬೇಕು. 2011ರ ಒಂದು ಮಾನದಂಡ ಇದಕ್ಕೆ ಉಪಾಯ ಹೇಳಿತು. ಪರದೆಯೊಳಗೇ ಒಂದಿಷ್ಟು ಸ್ಮೃತಿ ಇಟ್ಟರೆ, ಕೊನೆಯ ಚಿತ್ರವನ್ನು ಅದೇ ಹಿಡಿದುಕೊಂಡು ತೋರಿಸುತ್ತದೆ; ಕಳಿಸುವವನು ಮಲಗಬಹುದು. ನೋಡುವವರಿಗೆ ಪರದೆ ಬೆಳಗುತ್ತಲೇ ಇರುತ್ತದೆ, ಹಿಂದಿರುವವನು ನಿದ್ದೆಯಲ್ಲಿರುತ್ತಾನೆ.

"ಆದ್ರೆ ಗಾಢವಾಗಿ ಮಲಗಿದಷ್ಟೂ ಏಳೋಕೆ ಹೊತ್ತು ಬೇಕಮ್ಮ. ಮಲಗೋ ಮುಂಚೆ ತನ್ನ ಲೆಕ್ಕಾಚಾರ ಎಲ್ಲ ಎತ್ತಿಡಬೇಕು. ಚಿತ್ರ ಬದಲಾದ ತಕ್ಷಣ ಯಾರಾದ್ರೂ ಎಬ್ಬಿಸಬೇಕು. ಇಲ್ದಿದ್ರೆ ಹಳೇ ಚಿತ್ರಾನೇ ನಿಂತುಬಿಡುತ್ತೆ."

"ಮತ್ತೆ ಅಳೋದ್ಯಾಕೆ?"

"ಹಿಂದೆ ಯಾರೋ ಒಂದು ಜಾತಿ ಪರದೆಗೆ ಈ ನಿದ್ದೆ ಬೇಡ ಅಂತ ತೆಗೆದಿದ್ರು. ಯಾಕೆ ಅಂತ ಬರೆದಿಡಲಿಲ್ಲ. ಮರೆತಿರಬೇಕು ಅಂದ್ಕೊಂಡು ನಾನೇ ಮತ್ತೆ ಸೇರಿಸಿದೆ. ಪರದೆ ಮಿಣುಕೋಕೆ ಶುರುವಾಯ್ತು. ಕಾರಣ ಹುಡುಕೋಕೆ ಮೂರು ವಾರ ಹೋಯ್ತು. ಅದಕ್ಕೇ ಈಗ ಎಲ್ಲಾನೂ ನೀನೇ ಬರಿ ಅಂದಿದ್ದಾರೆ."

ನನ್ನ ಕೈಯಲ್ಲಿನ ಹೂ ಅಲ್ಲೇ ನಿಂತಿತು.

ನನಗೆ ಆಪರೇಷನ್ ಆದ ವರ್ಷ ಎಂಟು ದಿನ ಮಂಡ್ಯದ ಆಸ್ಪತ್ರೆಯಲ್ಲಿದ್ದೆ. ಮಾವನವರ ಬಿ.ಪಿ. ಮಾತ್ರೆಗಳಲ್ಲಿ ಒಂದನ್ನು ಡಾಕ್ಟರು ಅದಕ್ಕೆ ಮುಂಚೆಯೇ ನಿಲ್ಲಿಸಿದ್ದರು. ನಾನು ಅದನ್ನು ಡಬ್ಬಿಯ ಮೂಲೆಗೆ ಸರಿಸಿದ್ದೆ, ಅಷ್ಟೇ. ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ನಾನು ಮರೆತಿದ್ದೇನೆಂದು ತಿಳಿದ ನಮ್ಮ ಯಜಮಾನರು ಅದನ್ನೂ ಸೇರಿಸಿ ಕೊಟ್ಟರು. ಮೂರನೆಯ ದಿನ ಮಾವ ಬಚ್ಚಲ ಬಾಗಿಲಲ್ಲಿ ತಲೆಸುತ್ತಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಪುಣ್ಯಕ್ಕೆ ಅಷ್ಟರಲ್ಲೇ ಹೋಯಿತು. ಆಮೇಲೂ ಅವರು ನನ್ನನ್ನು ಒಂದು ಮಾತು ಅನ್ನಲಿಲ್ಲ. ನನಗೇ ಆ ಹೊಲಿಗೆಯ ಗುರುತು ನೋಡಿದಾಗಲೆಲ್ಲ ಹೊಟ್ಟೆ ಚುರುಕ್ಕೆನ್ನುತ್ತಿತ್ತು.

ನಾವು ಹೆಂಗಸರು ಮನೆಯ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಓಡಾಡುತ್ತೇವೆ. ನಾನಿಲ್ಲದಿದ್ದರೆ ಏನೂ ನಡೆಯದು ಎಂಬ ಹೆಮ್ಮೆ ಬೇರೆ. ನಾವು ಮಲಗಿದ ದಿನ ಆ ಹೆಮ್ಮೆಗೆ ದಂಡ ತೆರುವವರು ಇನ್ಯಾರೋ.

ಇದನ್ನು ಮಗಳಿಗೆ ಅದುವರೆಗೆ ಹೇಳಿರಲಿಲ್ಲ. ಅಂದು ಹೇಳಿದೆ. "ಗುಮಾಸ್ತರ ಕೆಲಸ ಅನ್ಬೇಡ ಕಣಮ್ಮಿ. ಬೇಡ ಅನ್ನೋದನ್ನ ಬರೆದರೆ ಸಾಲದು, ಯಾಕೆ ಬೇಡ ಅನ್ನೋದನ್ನೂ ಬರಿ."

ಅವಳು ಮಾತಾಡಲಿಲ್ಲ. ರಾತ್ರಿ ಹನ್ನೊಂದಾದರೂ ಜಗಲಿಯಲ್ಲಿ ಕೀಲಿಗಳ ಸದ್ದು ಕೇಳುತ್ತಿತ್ತು.

ರಜೆ ಮುಗಿದ ಮೇಲೆ ಕಂಪ್ಯೂಟರ್ ಕೊಠಡಿಯ ಸ್ವಿಚ್ ಬೋರ್ಡಿನ ಪಕ್ಕ ನಾನೂ ಒಂದು ಹಾಳೆ ಅಂಟಿಸಿದೆ. ಪರದೆ ಕಪ್ಪಾದರೆ ಕಂಪ್ಯೂಟರ್ ಆರಿದಂತಲ್ಲ, ಯಾಕೆಂದರೆ ಎಂದು ಶುರು ಮಾಡಿ ಆರು ಸಾಲು. ಎಂಟನೇ ತರಗತಿಯ ಹುಡುಗಿಯೊಬ್ಬಳು ಓದಿ, "ಮಿಸ್, ಹೋದ ವರ್ಷ ನೀವು ಬೇರೆ ಹೇಳಿದ್ರಲ್ಲ?" ಎಂದಳು.

"ಕೊನೇ ಸಾಲು ಓದಮ್ಮ" ಎಂದೆ.

ಅವಳು ಗಟ್ಟಿಯಾಗಿ ಓದಿದಳು: "ಇದಕ್ಕೆ ಮುಂಚೆ ಮಿಸ್ ಹೇಳಿಕೊಟ್ಟದ್ದು ತಪ್ಪು."