ಸೂಟಿಗೆ ಯಾವ ಪುಸ್ತಕ ಒಯ್ಯೋಣು

ಬ್ಯಾಸಗಿ ಸೂಟಿಗೆ ಊರಿಗೆ ಹೊರಡುವುದೆಂದರೆ ಶಿರೂರಿನ ನಮ್ಮ ಮನೆಯಲ್ಲಿ ಎರಡು ತಯಾರಿ ಕೂಡಿಯೇ ನಡೆಯುತ್ತಿದ್ದವು. ಅಡುಗೆಮನೆಯಲ್ಲಿ ಬುತ್ತಿಯದು, ಪಡಸಾಲೆಯಲ್ಲಿ ಪುಸ್ತಕದ್ದು. ಬುತ್ತಿಯ ಬಗ್ಗೆ ಹೆಚ್ಚು ಮಾತಿರಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು, ಅಲ್ಲಿಗೆ ಮುಗಿಯಿತು. ಪುಸ್ತಕದ ಮಾತು ಮಾತ್ರ ಪರೀಕ್ಷೆ ಮುಗಿಯುವ ಮೊದಲೇ ಶುರುವಾಗಿ ಬಸ್ಸು ಹತ್ತುವತನಕ ಹರಿಯುತ್ತಿರಲಿಲ್ಲ. ಟ್ರಂಕಿನಲ್ಲಿ ಜಾಗ ಕಡಿಮೆ. ಅವ್ವ ಲೆಕ್ಕ ಹಾಕಿ ಹೇಳಿಬಿಡುತ್ತಿದ್ದಳು: "ಮೂರ ಪುಸ್ತಕ. ನಾಕನೇದ್ದ ಇಟ್ರ ಒಂದ ಸೀರಿ ತಗೀತೀನಿ ನೋಡ್ರಿ."

ಮೂರು ಪುಸ್ತಕ, ತಿಂಗಳು ಒಪ್ಪತ್ತಿನ ಸೂಟಿ, ಓದುವವರು ಐದು ಮಂದಿ. ಹೋದ ಮನೆಯಲ್ಲಿ ಇನ್ನಿಬ್ಬರು ಮೂವರು ಕೂಡುತ್ತಿದ್ದರು. ಆದ್ದರಿಂದ ಪುಸ್ತಕ ಒಬ್ಬರಿಗೆ ಸೇರಿದರೆ ಸಾಲದು. ಅತ್ತಿಗೆ ಓದಿ ಹೇಳಬೇಕು, ಕಾಕಾನಿಗೆ ಬ್ಯಾಸರ ಬರಬಾರದು, ಹುಡುಗರ ಕೈಗೆ ಸಿಕ್ಕರೆ ಅವ್ವ ಕಣ್ಣು ಕೆಂಪಗೆ ಮಾಡುವಂಥದ್ದಾಗಿರಬಾರದು. ಒಂದು ದಪ್ಪ ಕಾದಂಬರಿ, ಒಂದು ನಗಿಸುವ ಪುಸ್ತಕ, ಇನ್ನೊಂದು ಅಪ್ಪನ ಹಟದ್ದು. ನಗಿಸುವುದಕ್ಕೆ ಬೀchi ಅವರ ತಿಮ್ಮ ಸಾಮಾನ್ಯವಾಗಿ ಇದ್ದೇ ಇರುತ್ತಿದ್ದ. ಅಪ್ಪನ ಹಟದ ಪುಸ್ತಕವನ್ನು ಮೊದಲ ವಾರ ಯಾರೂ ಮುಟ್ಟುತ್ತಿರಲಿಲ್ಲ. ಉಳಿದೆರಡು ಮುಗಿದ ಮೇಲೆ ಬೇರೆ ಗತಿಯಿಲ್ಲದೆ ಅದಕ್ಕೆ ಕೈಹಾಕುತ್ತಿದ್ದೆವು. ನನ್ನ ಜೀವಕ್ಕೆ ಅಂಟಿಕೊಂಡ ಪುಸ್ತಕಗಳೆಲ್ಲ ಹಾಗೆ ಗತಿಯಿಲ್ಲದೆ ಓದಿದವೇ.

ಓದುವವರು ಈಗಲೂ ಇದ್ದಾರೆ, ನಮ್ಮ ಊರಲ್ಲೂ ಇದ್ದಾರೆ. ಊರಿಗೆ ಹೊರಟಾಗ ಮನೆಮಂದಿಯೆಲ್ಲ ಕೂತು, ಜಗಳಾಡಿ, ಮೂರೇ ಮೂರು ಪುಸ್ತಕ ಆರಿಸುವುದು ಮಾತ್ರ ನಿಂತುಹೋಯಿತು. ನನ್ನ ಸಂಕಟವೆಲ್ಲ ಅದರದ್ದು.

ಆರಿಸುವುದು ಎಲ್ಲಿಂದ? ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿದ್ದರು. ಜಿ.ಬಿ. ಜೋಶಿಯವರು 1933ರಲ್ಲಿ ಹುಟ್ಟುಹಾಕಿದ ಮಾಲೆ ಅದು. ಸುಭಾಸ ರಸ್ತೆಯ ಅಟ್ಟದ ಮೇಲೆ ಬೇಂದ್ರೆ, ಕುರ್ತಕೋಟಿಯಂಥವರು ಕೂತು ಮಾತಾಡುತ್ತಿದ್ದ ಆ ಜಾಗದಿಂದ ನಮ್ಮಂಥ ಹಳ್ಳಿಗೆ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ಪೋಸ್ಟಿನವರು ಕಟ್ಟು ತಂದರೆಂದರೆ ಅಪ್ಪ ದಾರ ಹರಿಯುತ್ತಿರಲಿಲ್ಲ; ಗಂಟು ಬಿಚ್ಚಿ, ದಾರ ಸುತ್ತಿ ಎತ್ತಿಟ್ಟು, ಆಮೇಲೆ ಕಾಗದ ತೆಗೆಯುತ್ತಿದ್ದರು. ನಮ್ಮ ಸೀಮೆಗೆ ಪುಸ್ತಕ ಹೀಗೆ ನಡೆದು ಬರುವುದು ಹೊಸದಲ್ಲ. ಅದಕ್ಕೂ ಮೊದಲು ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1942ರಲ್ಲಿ ತೀರಿಕೊಂಡ ಅವರನ್ನು ಅಪ್ಪ ನೋಡಿರಲಿಲ್ಲ. ಆದರೆ ಆ ಗಂಟಿನ ಕಥೆಯನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು.

ಅವ್ವನ ಆಯ್ಕೆ ಬೇರೆ. ಆಕೆಗೆ ಕೃಷ್ಣಮೂರ್ತಿ ಪುರಾಣಿಕರಾಗಬೇಕು. ಪುರಾಣಿಕರು ಬೀಳಗಿಯವರು, ಅಂದರೆ ಪಕ್ಕದ ತಾಲೂಕಿನವರು. "ನಮ್ಮ ಕಡೇ ಮಂದಿ, ನಮ್ಮ ಮನಿ ಸಂಕಟ ಗೊತ್ತೈತಿ ಅವರಿಗಿ" ಅನ್ನುವುದು ಆಕೆಯ ವಾದ. 1977ರಲ್ಲಿ 'ಸನಾದಿ ಅಪ್ಪಣ್ಣ' ಸಿನೆಮಾ ಬಂದಾಗ ಅದು ಪುರಾಣಿಕರ 'ಅಪರಂಜಿ'ಯಿಂದ ಆದದ್ದೆಂದು ಯಾರೋ ಹೇಳಿದರು. ಆ ಮುಂದಿನ ಸೂಟಿಗೆ ಬೇರೆ ಯಾವ ಪುಸ್ತಕದ ಹೆಸರು ಎತ್ತಲೂ ಅವ್ವ ಬಿಡಲಿಲ್ಲ.

'ಅಪರಂಜಿ' ಸಿಕ್ಕಿದ್ದು ಬಾಗಲಕೋಟೆಯ ಹಳೇ ಪ್ಯಾಟಿಯ ಒಂದು ಬಾಡಿಗೆ ಪುಸ್ತಕದ ಅಂಗಡಿಯಲ್ಲಿ. ಆ ಅಂಗಡಿಯ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಬರೆಯಬೇಕು. ಒಂದೇ ಬಾಗಿಲು, ಒಳಗೆ ಒಬ್ಬರು ನಿಲ್ಲುವಷ್ಟು ಜಾಗ, ಎರಡೂ ಕಡೆ ಮಾಡಿನತನಕ ಪುಸ್ತಕ. ಎಲ್ಲಕ್ಕೂ ಖಾಕಿ ರಟ್ಟು ಹಾಕಿ, ಬೆನ್ನಿನ ಮೇಲೆ ನೀಲಿ ಮಸಿಯಿಂದ ನಂಬರು. ಹೊದಿಕೆಯ ಚಿತ್ರ ಕಾಣುವಂತಿರಲಿಲ್ಲ, ಹೀಗಾಗಿ ಚಿತ್ರ ನೋಡಿ ಮರುಳಾಗುವ ಮಾತೇ ಇಲ್ಲ. ಅಂಗಡಿಯವರು ಪುಸ್ತಕ ತೋರಿಸುವ ಮೊದಲು ನಮ್ಮನ್ನೇ ವಿಚಾರಿಸುತ್ತಿದ್ದರು: "ಯಾವೂರಿಗಿ ಹೊಂಟೀರಿ? ಎಷ್ಟ ದಿನಾ ಇರ್ತೀರಿ? ಓದವ್ರು ಯಾರ್‍ಯಾರು?" ಧಾರವಾಡಕ್ಕೆ ಎಂದರೆ ಒಂದು ಪುಸ್ತಕ, ಸೊಲ್ಲಾಪುರಕ್ಕೆ ಎಂದರೆ ಬೇರೆ. ಬಾಣಂತಿಯ ಮನೆಗೆ ಎಂದರೆ ಅಳಿಸುವ ಪುಸ್ತಕ ಕೈಗೆ ಕೊಡುತ್ತಲೇ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕೇಳಿದರೆ ಒಂದು ಕೊಟ್ಟು, ಅದರ ಜೊತೆಗೆ ನಾವು ಕೇಳದ ಮತ್ತೊಂದನ್ನು ಇಟ್ಟು, "ಅದ ಗಾಡ್ಯಾಗ ಮುಗೀತೈತಿ, ಇದು ಊರಾಗ ಓದ್ರಿ" ಅನ್ನುತ್ತಿದ್ದರು.

ಆ ಪುಸ್ತಕಗಳ ಕೊನೆಯ ಖಾಲಿ ಹಾಳೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಓದಿದವರು ಅಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. "ಚೊಲೋ ಐತಿ." "ಮದ್ಯಾಕ ಬ್ಯಾಸರ, ತಡದ ಓದ್ರಿ." ಒಬ್ಬ ಪುಣ್ಯಾತ್ಮ "ಕಡೀಕ ಆಕಿ ಸಾಯತಾಳ" ಎಂದು ಬರೆದಿದ್ದ, ಅದರ ಕೆಳಗೆ ಬೇರೆ ಕೈಬರಹದಲ್ಲಿ, "ಇದನ್ನ ಬರದಾಂವಗ ಬುದ್ಧಿ ಇಲ್ಲ." ಹೆಸರಿಲ್ಲ, ಊರಿಲ್ಲ. ಗುಳೇದಗುಡ್ಡದ ಮಗ್ಗದವರೋ, ಕಮತಗಿಯವರೋ, ಇಳಕಲ್ಲಿನ ಯಾವುದೋ ಮನೆಯ ಹೆಣ್ಣುಮಗಳೋ. ಅವರೆಲ್ಲ ಓದಿ ತೂಗಿ ನೋಡಿದ್ದನ್ನೇ ನಾವು ಟ್ರಂಕಿಗೆ ಹಾಕುತ್ತಿದ್ದೆವು.

ನಮ್ಮ ಸವಾರಿ ಹೆಚ್ಚಾಗಿ ಅಣ್ಣಿಗೇರಿಯ ಅತ್ತಿ ಮನೆಗೆ. ಬಾಗಲಕೋಟೆಯಿಂದ ಸಣ್ಣ ಗೇಜಿನ ಗಾಡಿ. ಗುಳೇದಗುಡ್ಡ ರೋಡ್, ಬಾದಾಮಿ, ಹೊಳೆಆಲೂರು ದಾಟಿ ಗದಗಿಗೆ, ಅಲ್ಲಿ ಇಳಿದು ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯಬೇಕು. ಕಾಯುವಾಗ ಅಪ್ಪ 'ಕಸ್ತೂರಿ' ತರುತ್ತಿದ್ದರು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ಆ ಮಾಸಿಕದ ಕೊನೆಗೆ ಪುಸ್ತಕ ವಿಭಾಗ ಇರುತ್ತಿತ್ತು. ಒಂದು ದೊಡ್ಡ ಪುಸ್ತಕದ ಸಾರವನ್ನೆಲ್ಲ ಹಿಡಿದು ಕೆಲವೇ ಪುಟಗಳಲ್ಲಿ ಕೊಡುತ್ತಿದ್ದರು. ಪಾ.ವೆಂ. ಆಚಾರ್ಯರ ಕಣ್ಣಿನ ಕೆಳಗೆ ಹಾದುಬಂದ ಪತ್ರಿಕೆಯೆಂದರೆ ಅಪ್ಪನಿಗೆ ಪೂರಾ ಭರವಸೆ. ಇದಕ್ಕೆ ಅವ್ವನ ಮೂರರ ಲೆಕ್ಕ ಹತ್ತುತ್ತಿರಲಿಲ್ಲ, ಯಾಕೆಂದರೆ ಅದು ಟ್ರಂಕಿನಲ್ಲಿ ಇರುತ್ತಿರಲಿಲ್ಲ, ಕೈಯಲ್ಲಿ ಇರುತ್ತಿತ್ತು. ಗಾಡಿಯಲ್ಲಿ ಎದುರಿಗೆ ಕೂತವರು ಸ್ವಲ್ಪ ಹೊತ್ತು ತಾಳಿ, "ಮಾಸ್ತರ, ತುಸು ಕೊಡ್ರಿ, ನೋಡಿ ಕೊಡತೀನಿ" ಅನ್ನುವರು. ಕೊಟ್ಟರೆ ಅಣ್ಣಿಗೇರಿ ಬಂದರೂ ಅವರ ಕೈ ಬಿಡುತ್ತಿರಲಿಲ್ಲ. ಒಮ್ಮೆಯಂತೂ ಅಪ್ಪ, "ಇರ್ಲಿ ಬಿಡ್ರಿ, ಓದಿ ಮುಗಸ್ರಿ" ಎಂದು ಅದನ್ನು ಗಾಡಿಯಲ್ಲೇ ಬಿಟ್ಟು ಇಳಿದರು.

ಅತ್ತಿಯ ಮನೆಯ ಮಧ್ಯಾಹ್ನಗಳು ಇಂದಿನವರಿಗೆ ಹೇಗೆ ಹೇಳಿದರೆ ತಿಳಿದೀತೋ. ಹೊರಗೆ 40 ಡಿಗ್ರಿ ಬಿಸಿಲು. ಬಾಗಿಲು ಮುಂದೆ ಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಎಲ್ಲರೂ ಪಡಸಾಲೆಯಲ್ಲಿ ಅಡ್ಡಾಗುವರು. ನಾಲ್ಕು ಗಂಟೆಯ ಚಹಾದತನಕ ಮಾಡಲು ಒಂದೂ ಕೆಲಸವಿಲ್ಲ. ಅಕ್ಕ ಗೋಡೆಗೆ ಒರಗಿ ಓದಲು ಶುರುಮಾಡುವಳು. ರಾವ್ ಬಹಾದ್ದೂರರ 'ಗ್ರಾಮಾಯಣ' ನಾನು ಕೇಳಿದ್ದು ಹಾಗೆ, ಆಕೆಯ ದನಿಯಲ್ಲಿ. ಪಾದಳ್ಳಿಯೆಂಬ ಊರು ಒಳಜಗಳದಲ್ಲಿ, ಹಗೆತನದಲ್ಲಿ ಹಾಳಾಗುತ್ತ ಹೋಗುವ ಆ ಕಾದಂಬರಿ ಪ್ರಕಟವಾದದ್ದು 1957ರಲ್ಲಿ. ಅದು ಅಪ್ಪನ ಹಟದ ಪುಸ್ತಕ. ಮೊದಲೆರಡು ದಿನ ಕಾಕಾ ಗೊರಕೆ ಹೊಡೆದ. ಮೂರನೆಯ ದಿನ ಕಣ್ಣು ಮುಚ್ಚಿಕೊಂಡೇ, "ಆ ಮ್ಯಾಲಿನ ಪುಟ ಮತ್ತೊಮ್ಮೆ ಓದ ತಂಗಿ" ಅಂದ. ಮುಂದೆ ಅಕ್ಕ ಕೆಮ್ಮಿದರೂ ಯಾರೋ ಎದ್ದು ನೀರು ತಂದುಕೊಡುತ್ತಿದ್ದರು. ಅತ್ತಿಗೆ ಓದು ಬರುತ್ತಿರಲಿಲ್ಲ. ಪಾದಳ್ಳಿಯಲ್ಲಿ ಯಾರು ಯಾರ ಮನೆ ಮುರಿದರು ಎಂಬುದನ್ನು ಆಮೇಲೆ ಓಣಿಯ ಹೆಂಗಸರಿಗೆಲ್ಲ ಹೇಳಿದವಳು ಅವಳೇ.

ತಿರುಗಿ ಬರುವಾಗ ನಮ್ಮ ಸ್ವಂತದ ಒಂದು ಪುಸ್ತಕ ಆ ಮನೆಯಲ್ಲಿ ಉಳಿಯಬೇಕು, ಆ ಮನೆಯದೊಂದು ನಮ್ಮ ಟ್ರಂಕಿಗೆ ಬರಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ತಪ್ಪುತ್ತಿರಲಿಲ್ಲ. ಹೀಗಾಗಿ ನಮ್ಮ ಗೋಡೆಯ ಮಾಡದಲ್ಲಿ ಸೊಲ್ಲಾಪುರದ ಯಾರದೋ ಹೆಸರು ಬರೆದ ಪುಸ್ತಕ ಇರುತ್ತಿತ್ತು, ನಮ್ಮದು ಅಣ್ಣಿಗೇರಿ ದಾಟಿ ಇನ್ನೆಲ್ಲಿಗೋ ಹೋಗಿರುತ್ತಿತ್ತು. ಶಿರೂರಿಗೆ ಬಂದ ಮರುದಿನವೇ ಸಿದ್ಧೇಶ್ವರ ಗುಡಿಯ ಕಟ್ಟೆಯ ಮೇಲೆ ಅಪ್ಪನ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಏನ ತಂದ್ರಿ?"

ಅಜ್ಜ ಈ ಗದ್ದಲಕ್ಕೆ ಸೇರಿದವನಲ್ಲ. ಅವನಿಗೆ ವಿಶ್ರಾಂತಿಯೆಂದರೆ ಅಮೀನಗಡ, ಹುನಗುಂದ ದಾಟಿ ಕೂಡಲಸಂಗಮಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುವುದು. ಕೃಷ್ಣೆಗೆ ಮಲಪ್ರಭೆ ಕೂಡುವ ಆ ಜಾಗಕ್ಕೆ ಅವನು ಒಯ್ಯುತ್ತಿದ್ದದ್ದು ಒಂದೇ ಪುಸ್ತಕ, ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'. ಬಿಜಾಪುರದಲ್ಲಿ ವಕೀಲಿ ಮಾಡುತ್ತ, ಹಳ್ಳಿಹಳ್ಳಿಯಿಂದ ತಾಡೋಲೆ ಕೂಡಿಹಾಕಿ ಅದನ್ನು 1923ರಲ್ಲಿ ಅಚ್ಚಿಗೆ ತಂದರು ಆ ಮಹಾನುಭಾವರು. ಅಜ್ಜನ ಪ್ರತಿಯಲ್ಲಿ ಅಮೀನಗಡದ ಕರದಂಟಿನ ತುಪ್ಪ ಬಿದ್ದು ಮೂರು ಹಾಳೆ ಆರಪಾರ ಕಾಣುತ್ತಿದ್ದವು. ಈ ಪುಟದ ಅಕ್ಷರದ ಮೇಲೆ ಆ ಪುಟದ ಅಕ್ಷರ ಉಲ್ಟಾ ಮೂಡಿ ಓದಲು ಬರುವಂತಿರಲಿಲ್ಲ. ಅಜ್ಜನಿಗೆ ಅದರ ತೊಂದರೆಯಿರಲಿಲ್ಲ, ಆ ಹಾಳೆಗಳು ಅವನಿಗೆ ಬಾಯಿಪಾಠವಾಗಿದ್ದವು. "ಪ್ರತಿ ವರ್ಷ ಅದ ಪುಸ್ತಕ ಯಾಕ ಅಜ್ಜಾ?" ಅಂದರೆ, "ನಾ ಪ್ರತಿ ವರ್ಷ ಅದ ಮನಶ್ಯಾ ಇರ್ತೀನೇನು?" ಅನ್ನುತ್ತಿದ್ದ.

ಇದೆಲ್ಲ ಒಮ್ಮೆಲೇ ಹೋಗಲಿಲ್ಲ. ಆಲಮಟ್ಟಿಯ ಹಿನ್ನೀರು ಏರಿತು, ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಡೆಯಾಗಿ ನವನಗರಕ್ಕೆ ಎದ್ದುಹೋದವು. ಸೆಕ್ಟರು, ಅಗಲವಾದ ರಸ್ತೆ, ಆಸ್ಪತ್ರೆ, ಕಾಲೇಜು ಎಲ್ಲ ಬಂದವು. ಆ ಒಂದು ಬಾಗಿಲಿನ ಅಂಗಡಿ ಬರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಮನೆಗೆ, ಹೊಲಕ್ಕೆ, ಗಿಡಕ್ಕೆ ಬೆಲೆ ಕಟ್ಟಿದರು. ಕೊನೆಯ ಹಾಳೆಯ ಮೇಲಿನ ಆ ಪೆನ್ಸಿಲ್ ಬರಹಕ್ಕೆ ಯಾರು ಬೆಲೆ ಕಟ್ಟಬೇಕು? ಗೇಜು ಬದಲಾಗಿ ಗಾಡಿಗಳು ಜೋರಾದವು, ಗದಗಿನಲ್ಲಿ ಕಾಯುವುದು ಕಡಿಮೆಯಾಯಿತು. ಧಾರವಾಡದ ಅಂಗಡಿಗಳಿಗೆ ಹೋದರೆ ಮುಂದಿನ ಸಾಲೆಲ್ಲ ಪಿಎಸ್‌ಐ, ಕೆಎಎಸ್ ಪರೀಕ್ಷೆಯ ಪುಸ್ತಕ. ಕಾದಂಬರಿ ಕೇಳಿದರೆ ಹುಡುಗ ಹಿಂದಿನ ಕಪಾಟಿನ ಕಡೆ ಕೈ ತೋರಿಸುತ್ತಾನೆ. ಅವನ ತಪ್ಪೇನಿಲ್ಲ. ನೌಕರಿಗಾಗಿ ಓದುವ ಮಕ್ಕಳ ಮೇಲೆ ನನಗೆ ಸಿಟ್ಟೂ ಇಲ್ಲ, ನಮ್ಮ ಬರಗಾಲದ ಸೀಮೆಯಲ್ಲಿ ಅದೂ ಹೊಟ್ಟೆಯ ಮಾತೇ.

ಎಲ್ಲರೂ ಮೊಬೈಲಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನು ಅದಕ್ಕಿಂತ ಮೊದಲಿನ ಒಂದು ಮಾತು ಹೇಳುತ್ತೇನೆ. ಸೂಟಿಯೇ ಹೋಯಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಏಪ್ರಿಲ್‌ನಲ್ಲೇ ಮುಂದಿನ ವರ್ಷದ ಟ್ಯೂಷನ್ ಶುರು. ಅತ್ತಿಯ ಮನೆಯಲ್ಲಿ ತಿಂಗಳು ಇರುವುದೆಂದರೆ ಈಗ ಅವರಿಗೂ ಭಾರ, ನಮಗೂ ಸಂಕೋಚ. ಅದರ ಬದಲು ಎರಡು ದಿನದ ಕಾರಿನ ಪ್ರವಾಸ. ಮುಂಜಾನೆ ಬಾದಾಮಿಯ ಮೇಣಬಸದಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆಗೆ ಐಹೊಳೆ, ರಾತ್ರಿ ಹೋಟೆಲಿನ ಊಟ. 578ರಲ್ಲಿ ಮಂಗಳೇಶ ಮುಗಿಸಿದ ಮೂರನೆಯ ಗವಿಯ ಮುಂದೆ ಫೋಟೊ ತೆಗೆಸಿಕೊಳ್ಳುವಷ್ಟೇ ಹೊತ್ತು. ಅಕ್ಕ ಮದುವೆಗೆ ಮೊದಲಿನ ಒಂದು ಸೂಟಿಯಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ, ಭೂತನಾಥ ಗುಡಿಯ ನೆರಳಿನಲ್ಲಿ, ಮುಂಜಾನೆಯಿಂದ ಸಂಜೆಯತನಕ ಪುಸ್ತಕ ಹಿಡಿದು ಕೂತಿದ್ದಳು. ಗವಿ ನೋಡಲು ಮೇಲೆ ಬರಲೇ ಇಲ್ಲ. ಅಪ್ಪ ಬೈಯಲಿಲ್ಲ, "ಗವಿ ಎಲ್ಲಿಗಿ ಹೋಗತೈತಿ, ಓದ್ಲಿ ಬಿಡು" ಅಂದರು. ಹಾಗೆ ಅನ್ನುವ ಪುರಸೊತ್ತು ಈಗ ಯಾವ ಅಪ್ಪನಿಗಿದೆ?

ನನ್ನ ಮಗನ ಫೋನಿನಲ್ಲಿ ನೂರಾರು ಪುಸ್ತಕಗಳಿವೆ, ಕನ್ನಡದವೂ ಇವೆ, ಕಿವಿಗೆ ಹಚ್ಚಿಕೊಂಡು ಕೇಳುವಂಥವೂ ಇವೆ. ನನಗೆ ಅದರ ಬಗ್ಗೆ ಸಂತೋಷವೇ ಇದೆ. ಆದರೆ ಎಲ್ಲವನ್ನೂ ಒಯ್ಯಬಲ್ಲವನು ಒಂದನ್ನೂ ಆರಿಸುವುದಿಲ್ಲ. ಹತ್ತು ಪುಟಕ್ಕೆ ಬ್ಯಾಸರ ಬಂದರೆ ಮುಂದಿನದು, ಅದೂ ಬ್ಯಾಸರವಾದರೆ ಇನ್ನೊಂದು. ಅವನು ಓದುವುದು ಅವನ ಹೆಂಡತಿಗೆ ಗೊತ್ತಿಲ್ಲ, ಅವಳು ಓದುವುದು ಅವನಿಗೆ ಗೊತ್ತಿಲ್ಲ. ಒಂದೇ ಪುಸ್ತಕದ ಮೇಲೆ ಏಳು ಮಂದಿ ಜಗಳಾಡಿದ ಮನೆಯಲ್ಲಿ ಬೆಳೆದ ನನಗೆ ಇದು ಒಗ್ಗುವುದಿಲ್ಲ. ಹೋದ ವರ್ಷ ಮಗ, ಸೊಸೆ, ಮೊಮ್ಮಗಳು ಗೋಕರ್ಣಕ್ಕೆ ಹೊರಟಾಗ ನಾನೇ ಒಂದು ಪುಸ್ತಕ ಬ್ಯಾಗಿನಲ್ಲಿಟ್ಟೆ. ಇಟ್ಟ ಹಾಗೆಯೇ ತಿರುಗಿ ಬಂತು, ಒಳಗೆ ಒಂದು ಮರಳಿನ ಕಣವೂ ಇರಲಿಲ್ಲ.

ಆ ಜಗಳ ಈಗ ಅಕ್ಕನಿಗೂ ನನಗೂ ನಡುವೆ ಮಾತ್ರ ಉಳಿದಿದೆ. ಆಕೆ ಸೊಲ್ಲಾಪುರದಲ್ಲಿದ್ದಾಳೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬಂದು, ಶಿರೂರಿನಲ್ಲಿ ಎಂಟು ದಿನ ಇದ್ದು ಹೋಗುವ ವಿಚಾರವಿದೆ. ನಿನ್ನೆ ರಾತ್ರಿ ಫೋನಿನಲ್ಲಿ ಪುಸ್ತಕದ ಮಾತು ತೆಗೆದವಳು ಅವಳೇ. ನಾನು 'ಗ್ರಾಮಾಯಣ' ಅಂದೆ. "ಬ್ಯಾಡೋ ತಮ್ಮಾ, ಊರು ಹಾಳಾಗೂದನ್ನ ಎಷ್ಟ ಸಲ ಓದೂದು. ಮೊಕಾಶಿಯವರ 'ಗಂಗವ್ವ ಗಂಗಾಮಾಯಿ' ತಗದಿಡು. ನನ್ನ ಕಣ್ಣ ಮೊದಲಿನಂಗಿಲ್ಲ, ಈ ಸಲ ನೀ ಓದು, ನಾ ಕೇಳತೀನಿ" ಅಂದಳು. ನನ್ನಲ್ಲಿರುವುದು ಅಪ್ಪನ ಕಾಲದ ಪ್ರತಿ, ಅಕ್ಷರ ಸಣ್ಣ, ನನ್ನ ಕಣ್ಣಿಗೂ ಹತ್ತುವುದಿಲ್ಲ. ಸೋಮವಾರ ಧಾರವಾಡದ ಬಸ್ಸು ಹತ್ತಿ, ಅಟ್ಟ ಏರಿ, ಹೊಸ ಅಚ್ಚಿನದು ಇದೆಯೇ ಎಂದು ಕೇಳಬೇಕು.