ಹತ್ತನೆಯವರಿಗೆ ಕಾದ ಬೆಳಗು

"ಕೂತ್ಕೊಳ್ಳಿ ಅಮ್ಮ, ಇನ್ನೂ ಆರು ಜನ ಆಗ್ಬೇಕು" ಎಂದರು ಸಿಸ್ಟರ್. ಪಂಕ್ತಿ ತುಂಬದೆ ಬಡಿಸುವುದಿಲ್ಲ ಎಂದ ಹಾಗಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮೂರ ಆರೋಗ್ಯ ಕೇಂದ್ರದ ಜಗಲಿ, 2021ರ ಏಪ್ರಿಲ್ ಮೊದಲ ವಾರ. 45 ತುಂಬಿದವರಿಗೆಲ್ಲ ಲಸಿಕೆ ಶುರುವಾಗಿ ನಾಲ್ಕೈದು ದಿನವಾಗಿತ್ತು. ಎಪ್ಪತ್ತನಾಲ್ಕರ ಅಮ್ಮನನ್ನೂ ನಲವತ್ತೆಂಟರ ನನ್ನನ್ನೂ ಆಶಾ ಕಾರ್ಯಕರ್ತೆ ಒಟ್ಟಿಗೇ ಹೊರಡಿಸಿದ್ದರು.

ಕೋವಿಶೀಲ್ಡ್ ಸೀಸೆ ಹೆಬ್ಬೆರಳ ಗಾತ್ರದ್ದು. ಒಳಗೆ ಇರುತ್ತಿದ್ದದ್ದು 5 ಮಿಲಿಲೀಟರ್, ತಲೆಗೆ ಅರ್ಧದಂತೆ ಹತ್ತು ಜನಕ್ಕೆ. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಮಿಕ್ಕಿದ್ದನ್ನು ಚೆಲ್ಲಬೇಕಿತ್ತು. ಲಸಿಕೆ ಎಲ್ಲೂ ಸಾಲದೆ ಇದ್ದ ದಿನಗಳವು. ಒಂದು ಹನಿ ಚೆಲ್ಲುವುದೂ ಸಿಸ್ಟರಿಗೆ ಹೊಟ್ಟೆ ಉರಿಯುವ ಮಾತು. ಅವರು ಐಸ್ ಇಟ್ಟ ನೀಲಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು, ಗೇಟಿನತ್ತ ನೋಡುತ್ತ ಕೂತಿದ್ದರು.

ಆ ಕಾಯುವಿಕೆ ಈಗ ನೆನೆದರೂ ಹಿತವಾಗುತ್ತದೆ. ಒಂದು ವರ್ಷ ಮನುಷ್ಯರನ್ನು ಕಂಡರೆ ಹಿಂದೆ ಸರಿದು ನಿಂತವರು ನಾವು. ಎದುರು ಬಂದವನು ಕೆಮ್ಮಿದರೆ ಮುಖ ತಿರುಗಿಸಿದ್ದೆವು. ಈಗ ಯಾರಾದರೂ ಬರಲಿ ಎಂದು ದಾರಿ ನೋಡುತ್ತಿದ್ದೆವು. ಅಡಿಕೆ ತೋಟದ ಕೆಲಸ ಬಿಟ್ಟು ಗಂಡಹೆಂಡತಿ ಬಂದರು: ಆರು. ಹಳೆಯ ಪೋಸ್ಟ್‌ಮ್ಯಾನ್ ಕೊಡೆ ಊರಿಕೊಂಡು ಬಂದರು: ಏಳು. ಬಂದವರ ಮುಖ ಮಾಸ್ಕಿನೊಳಗಿದ್ದರೂ ಜಗಲಿಯಲ್ಲಿದ್ದವರೆಲ್ಲ ಹಿಗ್ಗಿ ಜಾಗ ಮಾಡಿಕೊಟ್ಟೆವು.

ಮಾತು ಮಂಗನ ಕಾಯಿಲೆಗೆ ತಿರುಗಿತು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಜ್ವರ ನಮ್ಮ ಕಡೆಯವರಿಗೆ ಹೊಸದಲ್ಲ. ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂಬ ಸುದ್ದಿ ಬಂದರೆ ಸೊಪ್ಪಿಗೆ, ದರಗಿಗೆ ಹೋಗುವವರು ಉಣುಗಿಗೆ ಹೆದರಿ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅದರ ಇಂಜೆಕ್ಷನ್ ತಗೊಂಡವರು ಅಲ್ಲೇ ಮೂವರಿದ್ದರು. "ಅದು ಉರೀತಿತ್ತು ಮಾರಾಯ್ರೆ, ಬೆಂಕಿ. ಇದೇನು ಮಹಾ" ಎಂದರು ಪೋಸ್ಟ್‌ಮ್ಯಾನ್. ಪೇಟೆಯ ಎಷ್ಟು ಭಾಷಣ ಕೇಳಿದ್ದರೂ ತೋಟದ ಹೆಂಗಸಿಗೆ ಬಾರದ ಧೈರ್ಯ ಈ ಒಂದು ಮಾತಿನಿಂದ ಬಂತು.

ಅಮ್ಮ ಸುಮ್ಮನೆ ಸೆರಗು ಸರಿಸಿ ಎಡತೋಳು ತೋರಿಸಿದಳು. ನಾಲ್ಕಾಣೆಯಗಲದ ಎರಡು ಗುರುತು, ಗುಂಡಗೆ, ಒಳಗಿಳಿದ ಚರ್ಮ. ಸಿಡುಬಿಗೆ ಹಾಕಿದ ದಾಕು. ದಾಕಿನವನು ಚಕ್ರದಂಥದ್ದೊಂದನ್ನು ತೋಳಿಗೆ ಒತ್ತಿ ತಿರುಗಿಸುತ್ತಿದ್ದನಂತೆ. ಅವನು ಬೇಲಿಯ ಹತ್ತಿರ ಕಂಡಕೂಡಲೆ ಅಮ್ಮನ ಅಣ್ಣ ಹುಲ್ಲುಗೊಣಬೆಯ ಹಿಂದೆ ಅಡಗಿದ. ಅಡಗಿದವನನ್ನು ಎಳೆದು ತಂದವಳು ಸಿಡುಬಿನಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಅವರ ಚಿಕ್ಕಜ್ಜಿ. ಈ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆದರೆ ಆ ಚಿಕ್ಕಜ್ಜಿ ಎಂಥ ಹೆಂಗಸು ಎಂದು ಹೊಳೆದದ್ದು ಅವತ್ತೇ.

ಸೆರಗು ಸರಿಸಿ ಕೂತ ಅಮ್ಮನನ್ನು ಕಂಡು ನನಗೊಂದು ಚಿತ್ರ ನೆನಪಾಯಿತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ಸೀರೆಯ ಅಂಚು ಸರಿಸಿ ತೋಳು ತೋರುತ್ತಿರುವವಳು ಮೈಸೂರಿನ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ದಾಕು ಹಾಕಿದ ಜಾಗವನ್ನು ಎಂದು ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ. ಆಗ ಸೀಸೆಯೂ ಇಲ್ಲ, ಐಸ್ ಪೆಟ್ಟಿಗೆಯೂ ಇಲ್ಲ. ಲಸಿಕೆ ಊರಿಂದೂರಿಗೆ ಹೋಗುತ್ತಿದ್ದದ್ದು ಮನುಷ್ಯರ ತೋಳಿನಲ್ಲಿ. ಒಬ್ಬರ ತೋಳಿನ ಗುಳ್ಳೆಯ ಕೀವನ್ನು ತೆಗೆದು ಇನ್ನೊಬ್ಬರಿಗೆ, ವಾರದ ಮೇಲೆ ಅವರಿಂದ ಮತ್ತೊಬ್ಬರಿಗೆ. 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಕಚ್ಚಿತು. ಭಾರತದಲ್ಲಿ ಮೊದಲು ಲಸಿಕೆ ಹತ್ತಿದ್ದು ಅವಳಿಗೆ. ಅಲ್ಲಿಂದ ಮುಂದಕ್ಕೆ ಅದನ್ನು ಸಾಗಿಸಿದವು ಮಕ್ಕಳ ಎಳೆಯ ತೋಳುಗಳು. ನಡುವೆ ಒಂದು ತೋಳು ತಪ್ಪಿದರೆ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು. ಆ ಮಕ್ಕಳಲ್ಲಿ ಹೆಚ್ಚಿನವರ ಹೆಸರು ಎಲ್ಲೂ ಉಳಿದಿಲ್ಲ. ಅದು ನನಗೆ ತುಂಬಾ ಸಂಕಟದ ಸಂಗತಿ.

ಹನ್ನೊಂದೂವರೆಗೆ ಒಂಬತ್ತು ಜನ ಆದೆವು. ಹತ್ತನೆಯವರು ಬರಲೊಲ್ಲರು. ಆಶಾ ಕಾರ್ಯಕರ್ತೆ ಫೋನ್ ಹಿಡಿದು ನೆಟ್‌ವರ್ಕ್ ಸಿಗುವ ಗೇರುಮರದ ಬುಡಕ್ಕೆ ಹೋಗಿ ಮೂರು ಮನೆಗೆ ಕರೆದರು. ಒಬ್ಬರಿಗೆ ಮೈ ಹುಷಾರಿಲ್ಲ, ಒಬ್ಬರಿಗೆ ನಾಳೆ, ಒಬ್ಬರದು ಉತ್ತರವೇ ಇಲ್ಲ. ಅಷ್ಟರಲ್ಲಿ ಬಸ್ಸು ಬಂತು. ನಮ್ಮೂರು ಅದಕ್ಕೆ ಕೊನೆಯ ಸ್ಟಾಪು. ತಿರುಗಿಸಿಕೊಂಡು ಅರ್ಧ ಗಂಟೆ ನಿಂತು ಹೊರಡುತ್ತದೆ. ಅಮ್ಮ ಎದ್ದು ಗೇಟಿನವರೆಗೆ ಹೋಗಿ, "ಕಂಡಕ್ಟರೇ, ನಿಮಗೆ ನಲವತ್ತೈದು ಆಯ್ತಾ?" ಎಂದು ಕೂಗಿದಳು. ಆಗಿತ್ತು. ಆಧಾರ್ ಕಾರ್ಡೂ ಕಿಸೆಯಲ್ಲಿತ್ತು. ಚರ್ಮದ ಚೀಲವನ್ನು ಡ್ರೈವರಿಗೆ ಕೊಟ್ಟು ಅವರು ಬಂದರು. ಸಿಸ್ಟರ್ ಸೀಸೆ ತೆಗೆದರು.

ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕಿತ್ತು. ಕಂಡಕ್ಟರಿಗೆ ಚುಚ್ಚುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತ ಬಂದಿತ್ತು. ಡ್ರೈವರ್ ಹಾರ್ನ್ ಹಾಕಲಿಲ್ಲ. ಬಸ್ಸಿನಲ್ಲಿ ಕೂತಿದ್ದವರೂ ಇಳಿದು ನೆರಳಿಗೆ ನಿಂತರು. ಹೊರಡುವ ಮೊದಲು ಅಮ್ಮ ಕಂಡಕ್ಟರರ ಫೋನ್ ನಂಬರ್ ಕೇಳಿ ಬರೆಸಿಕೊಂಡಳು.

ಆ ತಿಂಗಳ ಕೊನೆಗೆ ಲಾಕ್‌ಡೌನ್ ಬಂತು, ಬಸ್ಸು ನಿಂತಿತು. ಮೇ ತಿಂಗಳ ಆ ಸಾವುಗಳ ಬಗ್ಗೆ ಬರೆಯಲು ನನಗೆ ಇನ್ನೂ ಕೈ ಬರುವುದಿಲ್ಲ. ಎರಡನೇ ಡೋಸಿನ ಅಂತರವನ್ನು 12–16 ವಾರಗಳಿಗೆ ಹೆಚ್ಚಿಸಿದ್ದರಿಂದ ನಾವು ಮತ್ತೆ ಆ ಜಗಲಿ ಹತ್ತಿದ್ದು ಜುಲೈಯಲ್ಲಿ, ಜಡಿಮಳೆಯಲ್ಲಿ. ಹಿಂದಿನ ರಾತ್ರಿ ಅಮ್ಮ ಕಂಡಕ್ಟರಿಗೆ ಫೋನ್ ಮಾಡಿದ್ದಳು. ಅವರಿಗೆ ಅವರ ಊರಲ್ಲೇ ಎರಡನೆಯದೂ ಆಗಿತ್ತು.

"ಅಲ್ಲೂ ಹತ್ತು ಜನ ಆಗೋ ತನಕ ಕೂತಿದ್ರಾ?" ಎಂದು ಕೇಳಿದಳು ಅಮ್ಮ.

"ಹೌದಮ್ಮ. ಈ ಸಲ ನಾನೇ ಮೊದಲನೆಯವ. ಎರಡು ಗಂಟೆ ಕಾದೆ."