ಉರಿಯಿಂದ ಬರೋ ನೀರು

ಈಗಷ್ಟೇ ಸಾರಿಗೆ ಬೇಳೆ ಬೇಯೋಕಿಟ್ಟೆ. ಕೋಲ್ಕತ್ತದ ಪಾರ್ಕ್ ಸ್ಟ್ರೀಟ್‌ನ ಹಳೇ ಕಟ್ಟಡ, ಜನವರಿ ಚಳಿ ಅಂತ ಅಡುಗೆಮನೆ ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತಿಗೇ ಗಾಜಿನ ತುಂಬ ಹನಿ. ನೀರು ಇಳಿದು ಇಳಿದು ಚೌಕಟ್ಟಿನ ಮೂಲೆಯಲ್ಲಿ ಬಣ್ಣ ಉಬ್ಬಿದೆ, ಪಕ್ಕದಲ್ಲೇ ಕಪ್ಪು ಬೂಷ್ಟು.

ಇದೆಲ್ಲ ಪಾತ್ರೆಯ ಹಬೆ ಅಂತಲೇ ಎಲ್ಲರೂ ಅಂದ್ಕೊಳ್ತೀವಿ. ಆದರೆ ಒಲೆಯ ಉರಿಯಿಂದಲೂ ನೀರು ಬರುತ್ತೆ! ಅಡುಗೆ ಗ್ಯಾಸ್ ಅಂದ್ರೆ ಪ್ರೊಪೇನ್, ಬ್ಯೂಟೇನ್. ಉರಿಯುವಾಗ ಅವುಗಳಲ್ಲಿರೋ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾವಿ ಆಗುತ್ತೆ. ಒಂದು ಕೆಜಿ ಗ್ಯಾಸಿಗೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು. 14.2 ಕೆಜಿ ಸಿಲಿಂಡರ್ ಖಾಲಿಯಾಗೋ ಹೊತ್ತಿಗೆ ಸುಮಾರು 22 ಲೀಟರ್! ಹಬೆಯ ಲೆಕ್ಕ ಬೇರೆ.

ಮೊದಲೇ ಕೋಲ್ಕತ್ತದ ಗಾಳಿಯಲ್ಲಿ ತೇವ ಜಾಸ್ತಿ. ಕಿಟಕಿ ಮುಚ್ಚಿದರೆ ಈ ನೀರು ಹೋಗೋದೆಲ್ಲಿಗೆ? ತಣ್ಣಗಿರೋ ಗಾಜು, ಗೋಡೆ ಹಿಡಿಯುತ್ತೆ.

ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿ. ಒಲೆ ಹಚ್ಚೋ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡಲಿ. ಫ್ಯಾನ್ ಇಲ್ಲದಿದ್ದರೆ ಎಷ್ಟೇ ಚಳಿಯಿದ್ದರೂ ಕಿಟಕಿ ಒಂದಿಷ್ಟು ತೆಗೆದಿಡಿ. ಹೊಗೆಯ ಕೆಟ್ಟ ಅನಿಲಗಳೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತವೆ. ನಿಮ್ಮನೆಯಲ್ಲಿ ಏನು ಮಾಡ್ತೀರಿ? ಹೇಳಿ.